ಕಡಲೆ ಹಸಿಯಿರಲಿಲ್ಲ

ಕಾಳಿನ ವ್ಯಾಪಾರಿಗೆ ಕಣ್ಣಿಗಿಂತ ಹಲ್ಲು ಮುಖ್ಯ. ರೋಣದ ಪೇಟೆಯಲ್ಲಿ ಮೂವತ್ತು ವರ್ಷದಿಂದ ಕಾಳಿನ ಅಂಗಡಿ ಇಟ್ಟುಕೊಂಡಿರುವ ನನ್ನ ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಕಡಲೆ, ಜೋಳ, ಹೆಸರು, ಗೋದಿ, ಯಾವ ಚೀಲವೇ ಬರಲಿ, ಮೊಳಕೈವರೆಗೆ ಕೈ ಹಾಕಿ ತಳದ ಕಾಳು ತೆಗೆಯುತ್ತೇನೆ. ಅದನ್ನು ಬಲಗಡೆ ಕೆಳದವಡೆಯ ಒಂದು ಹಲ್ಲಿನ ಮೇಲಿಟ್ಟು ಕಡಿಯುತ್ತೇನೆ. ಕಟ್ ಎಂದು ಎರಡು ಹೋಳಾದರೆ ಒಣಗಿದ ಮಾಲು. ಸದ್ದಿಲ್ಲದೆ ಮೆತ್ತಗೆ ಒಡೆದು ಹಲ್ಲಿಗೆ ಅಂಟಿದರೆ ಹಸಿ. ಹಸಿ ಕಾಳನ್ನು ತುಂಬಿಟ್ಟರೆ ಬೂಸಲು ಹಿಡಿದು ಗೋದಾಮೆಲ್ಲ ನಾರುತ್ತದೆ. ಈಗ ತೇವ ಅಳೆಯುವ ಮಶೀನು ಬಂದಿದೆ. ನನ್ನ ಅಂಗಡಿಯಲ್ಲೂ ಒಂದಿತ್ತು. ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದೆ. ರೈತರೂ ಅದನ್ನು ನಂಬುತ್ತಿರಲಿಲ್ಲ. ಅಂಗಡಿಯವನ ಮಶೀನು ಅಂಗಡಿಯವನ ಹಾಗೆಯೇ ಮಾತಾಡುತ್ತದೆ ಎಂದು ಅವರ ಲೆಕ್ಕ. ನನ್ನ ಹಲ್ಲನ್ನು ಮಾತ್ರ ನಂಬುತ್ತಿದ್ದರು.

ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಸ್ವಲ್ಪ ಎಂದದ್ದು ಸುಳ್ಳು, ಬಹಳ ಇತ್ತು.

ಎಡಗಡೆಯ ದವಡೆಹಲ್ಲುಗಳನ್ನು ನಾನು ಹರೆಯದಲ್ಲೇ ಕಳೆದುಕೊಂಡಿದ್ದೆ. ಹಾಗಾಗಿ ವ್ಯಾಪಾರದ ಭಾರವೆಲ್ಲ ಬಲಗಡೆಯ ಆ ಒಂದೇ ಹಲ್ಲಿನ ಮೇಲೆ. ಸುಗ್ಗಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲಕ್ಕೊಂದು ಕಾಳು ಕಡಿಯಬೇಕು. ಕಡಿದ ಹಿಟ್ಟು ಬಾಯಲ್ಲೇ ಉಳಿಯುತ್ತದೆ, ಹಲ್ಲಿನ ಬುಡದಲ್ಲಿ ಕೂರುತ್ತದೆ. ನಮ್ಮ ಕಸುಬಿನವರು ಯಾರೂ ನಡುವೆ ಎದ್ದು ಬಾಯಿ ಮುಕ್ಕಳಿಸುವುದಿಲ್ಲ. ಮೇಲೊಂದು ಚಹಾ ಕುಡಿದರೆ ಬಾಯಿ ತೊಳೆದಂತಾಯಿತು ಎಂದು ನಮ್ಮ ತಿಳಿವಳಿಕೆ. ಆ ಚಹಾದಲ್ಲಿ ಸಕ್ಕರೆಯೂ ಬೇಕಾದಷ್ಟು.

ಬೆಳಿಗ್ಗೆ ಹಲ್ಲು ತಿಕ್ಕುತ್ತಿದ್ದೆನಲ್ಲ ಎನ್ನುತ್ತೀರಾ? ತಿಕ್ಕುತ್ತಿದ್ದೆ. ಇದ್ದಿಲು ಪುಡಿಗೆ ಉಪ್ಪು ಬೆರೆಸಿ, ತೋರುಬೆರಳಿನಿಂದ ಅಡ್ಡಡ್ಡ ಉಜ್ಜುವುದು. ಅಪ್ಪ ಹಾಗೆ ಉಜ್ಜುತ್ತಿದ್ದ, ನಾನೂ ಉಜ್ಜುತ್ತಿದ್ದೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಉಗುಳಿದಾಗ ಕೆಂಪು ಕಂಡಿತು. ಬಲಗಡೆಯ ವಸಡಿನಿಂದ ರಕ್ತ ಬರುತ್ತಿತ್ತು. ನಾನು ಬುದ್ಧಿವಂತ. ಕಾಲಿಗೆ ಗಾಯವಾದರೆ ಅಲ್ಲಿ ಯಾರಾದರೂ ಉಜ್ಜುತ್ತಾರೆಯೇ? ಬಾಯಿಗೂ ಅದೇ ನ್ಯಾಯ ಎಂದುಕೊಂಡು ಅಂದಿನಿಂದ ಬಲಗಡೆಗೆ ಬೆರಳು ತಾಗಿಸುವುದನ್ನೇ ಬಿಟ್ಟೆ. ಕೆಲದಿನ ಲವಂಗ ಇಟ್ಟುಕೊಂಡೆ. ಪಕ್ಕದ ಅಂಗಡಿಯವನು ತಂಬಾಕು ಒತ್ತಿಕೊಂಡರೆ ನೋವು ಹೋಗುತ್ತದೆ ಎಂದ. ಎಂಟು ದಿನ ಅದನ್ನೂ ಮಾಡಿದೆ. ನೋವು ಹೋಯಿತು, ಜೊತೆಗೆ ತಲೆಯೂ ಗಿರ್ರೆಂದು ತಿರುಗಿ ಗಲ್ಲಾಪೆಟ್ಟಿಗೆಯ ಮೇಲೆ ಒರಗಿದೆ. ತಂಬಾಕು ಬಿಟ್ಟೆ. ವಸಡು ಉಬ್ಬುತ್ತಿತ್ತು, ಇಳಿಯುತ್ತಿತ್ತು. ಬಾಯಿ ವಾಸನೆ ಬರುತ್ತಿತ್ತೆಂದು ಈಗ ತಿಳಿದಿದೆ. ಆಗ ನನ್ನ ಹೆಂಡತಿ ಎಷ್ಟೋ ಸಲ ಹೇಳುತ್ತಿದ್ದಳು.

"ಏನ್ರಿ, ಒಂಚೂರ ಆ ಕಡೆ ಮಾರಿ ಮಾಡಿ ಮಾತಾಡ್ರಿ."

ಅವಳು ಜಕ್ಕಲಿಯ ಒಕ್ಕಲುತನದ ಮನೆಯಿಂದ ಬಂದವಳು, ಮಾತು ಸುತ್ತಿಬಳಸಿ ಆಡುವವಳಲ್ಲ. ನಾನು ಉಳ್ಳಾಗಡ್ಡಿ ತಿಂದದ್ದಕ್ಕೆ ಹೀಗೆನ್ನುತ್ತಾಳೆ ಎಂದುಕೊಂಡು, ಉಳ್ಳಾಗಡ್ಡಿ ಹೆಚ್ಚಿಟ್ಟವಳೂ ಇವಳೇ ಅಲ್ಲವೇ ಎಂದು ಸಿಟ್ಟಾಗುತ್ತಿದ್ದೆ.

ಹೋದ ವರ್ಷ ಕಡಲೆಯ ಸುಗ್ಗಿ. ಅಸೂಟಿಯ ಕಾಕಾ ಟ್ರ್ಯಾಕ್ಟರಿನಲ್ಲಿ ಕಡಲೆ ಹೇರಿಕೊಂಡು ಬಂದರು. ಅವರು ನನಗೆ ರಕ್ತಸಂಬಂಧಿಯಲ್ಲ. ನಾನು ಅಂಗಡಿ ತೆರೆದ ಮೊದಲ ವರ್ಷ, ಹೊಸಬನ ಹತ್ತಿರ ಯಾರೂ ಬಾರದಿದ್ದಾಗ, ತಮ್ಮ ಮಾಲನ್ನು ನನ್ನ ಕಟ್ಟೆಗೆ ಇಳಿಸಿದ ಮೊದಲ ರೈತ ಅವರು. ಅಂದಿನಿಂದ ಒಂದು ಸುಗ್ಗಿಯೂ ತಪ್ಪಿಸಿದವರಲ್ಲ. ಎಪ್ಪತ್ತರ ಹತ್ತಿರ ಬಂದರೂ ನೇಗಿಲಿನಂಥ ಗಟ್ಟಿ ಮನುಷ್ಯ. ಅವರು ಬಂದರೆಂದರೆ ಪೇಟೆಯ ಅರ್ಧ ಮಂದಿ ನನ್ನ ಅಂಗಡಿಯ ಮುಂದೆ ಸೇರುತ್ತಾರೆ, ಅಷ್ಟು ಮಾತುಗಾರರು.

ನಾನು ಕೈ ಹಾಕಿ ಕಾಳು ತೆಗೆದೆ. ಕಡಿದೆ. ಮೆತ್ತಗಾಯಿತು. ಇನ್ನೊಂದು ಚೀಲದ್ದು ಕಡಿದೆ. ಅದೂ ಮೆತ್ತಗೆ.

"ಕಾಕಾ, ಹಸಿ ಅದಾವಲ್ರಿ," ಎಂದೆ.

"ಏನ ಹಸಿ?"

"ಕಡ್ಲಿ. ಇನ್ನ ಎರಡ ಬಿಸಲ ಕಾಣಬೇಕಿತ್ತು."

ಕಾಕಾ ನನ್ನನ್ನು ನೋಡಿದರು. "ತಮ್ಮಾ, ಎಂಟ ದಿನಾ ಕಣದಾಗ ಹರವೇನಿ. ಕಾಲಾಗ ತುಳದ್ರ ಹರಳ ತುಳದಂಗ ಆಗತಾವ. ಇನ್ನೊಮ್ಮೆ ನೋಡು."

ಇನ್ನೊಮ್ಮೆ ನೋಡಿದೆ. ಮೆತ್ತಗೇ. ಮೂವತ್ತು ವರ್ಷದ ಹಲ್ಲು ಸುಳ್ಳು ಹೇಳುತ್ತದೆಯೇ? ನನಗೂ ಸಿಟ್ಟು ಬಂತು. ಕಾಕಾಗೆ ವಯಸ್ಸಾಯಿತು, ಮನೆಯವರು ಒಣಗಿಸಿದ್ದಾರೋ ಇಲ್ಲವೋ ನೋಡದೆ ತುಂಬಿಸಿದ್ದಾರೆ ಎಂದು ಮಂದಿಯ ಮುಂದೆಯೇ ಅಂದುಬಿಟ್ಟೆ. ಈಗ ಬರೆಯುವಾಗಲೂ ಆ ಮಾತಿಗೆ ನಾಚಿಕೆಯಾಗುತ್ತದೆ.

ಕಾಕಾ ತಾವು ಕಡಿಯಲಿಲ್ಲ. ಒಂದು ಹಿಡಿ ಕಡಲೆ ತೆಗೆದು ಅಲ್ಲೇ ನಿಂತಿದ್ದ ನಾಲ್ವರು ಹಮಾಲರ ಕೈಗೆ ಹಾಕಿದರು. "ಕಡೀರ್ಯೋ," ಎಂದರು. ನಾಲ್ವರೂ ಕಡಿದರು. ಕಟ್, ಕಟ್, ಕಟ್, ಕಟ್. ನನ್ನ ಅಂಗಡಿಯಲ್ಲಿ ಅಷ್ಟು ಸ್ಪಷ್ಟವಾದ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ. ಒಬ್ಬ ಹಮಾಲ ಇನ್ನೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಹುರದಿದ್ರ ಇನ್ನೂ ಚಲೋ ಆಗತಿತ್ತರಿ," ಎಂದ. ಮಂದಿ ನಕ್ಕರು.

ಕಾಕಾ ನಗಲಿಲ್ಲ. ಹತ್ತಿರ ಬಂದು, "ಬಾಯಿ ತಗಿ," ಎಂದರು. ನಾನು ಬೆಪ್ಪನಂತೆ ತೆಗೆದೆ. ಹೆಬ್ಬೆರಳಿನಿಂದ ನನ್ನ ಬಲದವಡೆಯ ಹಲ್ಲನ್ನು ಮೆಲ್ಲಗೆ ಅದುಮಿದರು. ಹಲ್ಲು ಒಳಗೆ ಇಳಿದು ಮತ್ತೆ ಮೇಲೆ ಬಂದದ್ದು ನನಗೇ ತಿಳಿಯಿತು.

"ಕಡ್ಲಿ ಹಸಿ ಇಲ್ಲೋ ತಮ್ಮಾ. ನಿನ್ನ ಹಲ್ಲ ಅಳ್ಳಾಡತೈತಿ. ಕಾಳ ಇಟ್ಟ ಒತ್ತಿದ್ರ ಅದ ತಗ್ಗತೈತಿ, ನಿನಗ ಕಾಳ ಮೆತ್ತಗ ಅನಸತೈತಿ." ಆಮೇಲೆ ಹೆಬ್ಬೆರಳಿನ ರಕ್ತವನ್ನು ಟವೆಲಿಗೆ ಒರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಹಲ್ಲ ಗಟ್ಟಿ ಆಗೂತನಕಾ ನನ್ನ ಮಾಲ ನಿನ್ನ ಕಟ್ಟಿ ಹತ್ತಾಂಗಿಲ್ಲ."

ಟ್ರ್ಯಾಕ್ಟರು ತಿರುಗಿಸಿ ನರಗುಂದದ ಪೇಟೆಗೆ ಹೋದರು. ಸುದ್ದಿ ಅವರಿಗಿಂತ ಮೊದಲೇ ನರಗುಂದ ಮುಟ್ಟಿತೆಂದು ಕಾಣುತ್ತದೆ. ಸಂಜೆಯ ಹೊತ್ತಿಗೆ ಅಲ್ಲಿಂದ ಇಬ್ಬರು ವ್ಯಾಪಾರಿಗಳು ಫೋನು ಮಾಡಿ ನನ್ನ ಹಲ್ಲಿನ ಕ್ಷೇಮ ವಿಚಾರಿಸಿದರು.

ಮರುದಿನ ಕಾಳು ಕಡಿಯಲು ಬಾಯಿ ತೆರೆದರೆ ಎದುರಿಗಿದ್ದ ರೈತ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಒಣಗಿದೆ ಎಂದರೂ ಅವನಿಗೆ ಸಂಶಯ, ಹಸಿ ಎಂದರೂ ಸಂಶಯ. ನನಗೂ ಸಂಶಯ. ಕಸುಬಿನಲ್ಲಿ ಮಾತು ಹೋದರೆ ಉಳಿಯುವುದೇನು? ಅದಕ್ಕಿಂತ ಹೆಚ್ಚಾಗಿ ಕಾಕಾ ಹೋದದ್ದು ನನಗೆ ಸಹಿಸಲಾಗಲಿಲ್ಲ. ಅಂದು ಊಟದ ಹೊತ್ತಿಗೆ ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟೆ. ಹಲ್ಲು ಮತ್ತೆ ಅಳ್ಳಾಡಿತು. ರೊಟ್ಟಿ ತಾಟಿಗೆ ಹಾಕಿ ಗಲ್ಲ ಹಿಡಿದು ಕುಳಿತೆ.

ಹೆಂಡತಿ ಅದನ್ನು ನೋಡಿದಳು. ಕೈ ತೊಳೆದು ಬಂದು, "ಗಾಡಿ ಚಾಲೂ ಮಾಡ್ರಿ, ಗಜೇಂದ್ರಗಡಕ್ಕ ಹೋಗೂಣು," ಎಂದಳು. ಅಲ್ಲಿ ಹಲ್ಲಿನ ದವಾಖಾನೆ ಇರುವುದನ್ನು ಆಕೆ ವರ್ಷದ ಹಿಂದೆಯೇ ವಿಚಾರಿಸಿಟ್ಟಿದ್ದಳಂತೆ.

"ಹಲ್ಲ ಕೀಳತಾರ," ಎಂದೆ.

"ಕಿತ್ರ ಕೀಳಲಿ. ಹಿಂಗ ಕುಂದ್ರೂಕಿಂತ ಚಲೋ."

ರಾಜೂರಿನ ಕಡೆಯ ಗುಡ್ಡದ ಮೇಲೆ ಗಾಳಿಯ ಪಂಖಗಳು ತಿರುಗುತ್ತಿದ್ದವು. ದಾರಿಯುದ್ದಕ್ಕೂ ನಾನು ನಾಲಿಗೆಯಿಂದ ಆ ಹಲ್ಲನ್ನು ದೂಡುತ್ತಲೇ ಇದ್ದೆ. ಕಿತ್ತರೆ ಕಡಿಯಲು ಇನ್ನೊಂದು ಹಲ್ಲಿಲ್ಲ. ಉಳಿದರೆ ನನ್ನ ಮಾತು ಉಳಿಯುತ್ತದೆ, ಕಾಕಾ ಬರುತ್ತಾರೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ದವಾಖಾನೆ ಕೋಟೆಯ ಗುಡ್ಡದ ಬುಡದಲ್ಲಿ, ಒಂದು ಕಟ್ಟಡದ ಮಾಳಿಗೆಯ ಮೇಲೆ. ಬಾಗಿಲಲ್ಲಿ ನಿಂತಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳನ್ನು ಕಂಪೌಂಡರ್ ಎಂದುಕೊಂಡು, "ಡಾಕ್ಟರ್ ಅದಾರೇನವಾ?" ಎಂದು ಕೇಳಿದೆ. "ನಾನಽ ರಿ ಅಣ್ಣಾರ, ಬರ್ರಿ," ಎಂದಳು. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಕುರ್ಚಿಯಲ್ಲಿ ಒರಗಿಸಿ, ಸಣ್ಣ ಕೊಕ್ಕೆಯಂಥ ಕಡ್ಡಿಯಿಂದ ಹಲ್ಲು ಹಲ್ಲಿನ ಬುಡವನ್ನೂ ಅಳೆದಳು. ಒಂದೊಂದಕ್ಕೂ ಒಂದು ಅಂಕಿ ಹೇಳುವಳು, ಸಹಾಯಕಿ ಬರೆದುಕೊಳ್ಳುವಳು. ಆ ಹಲ್ಲಿನ ಹತ್ತಿರ ಬಂದಾಗ ಅಂಕಿ ದೊಡ್ಡದಾಯಿತು. ಅದು ಒಳ್ಳೆಯದಲ್ಲ ಎಂದು ಅವಳ ದನಿಯಿಂದಲೇ ತಿಳಿಯಿತು.

"ಹಲ್ಲಿಗೆ ಏನೂ ಆಗಿಲ್ರಿ ಅಣ್ಣಾರ, ಹಲ್ಲ ಚಲೋ ಐತಿ. ಅದನ್ನ ಹಿಡಕೊಂಡ ವಸಡು ಬಿಟ್ಟಾವ, ಒಳಗಿನ ಎಲವೂ ಒಂದಿಷ್ಟ ಸವದೈತಿ. ಎಷ್ಟ ದಿನದಿಂದ ರಕ್ತ ಬರತೈತ್ರಿ?"

"ಎರಡ ವರ್ಷ."

"ಏನ ಮಾಡಿದ್ರಿ?"

"ಆ ಕಡೆ ತಿಕ್ಕೋದ ಬಿಟ್ಟೆ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಆಕೆ ಮುಖದ ಮಾಸ್ಕ್ ಕೆಳಗೆ ಎಳೆದು ನನ್ನನ್ನು ನೋಡಿದಳು. ಹಲ್ಲಿನ ಬುಡದಲ್ಲಿ ದಿನವೂ ಒಂದು ಅಂಟು ಕೂರುತ್ತದಂತೆ. ಅದನ್ನು ತೆಗೆಯದಿದ್ದರೆ ವಸಡು ಬಾತು ರಕ್ತ ಬರುತ್ತದೆ. ಹೆಚ್ಚು ದಿನ ಬಿಟ್ಟರೆ ಅದೇ ಅಂಟು ಕಲ್ಲಾಗಿ ವಸಡಿನ ಕೆಳಗೆ ಇಳಿಯುತ್ತದೆ. ರಕ್ತ ಬಂದ ಜಾಗದಲ್ಲೇ ಮೆಲ್ಲಗೆ ಹೆಚ್ಚು ಸ್ವಚ್ಛ ಮಾಡಬೇಕಿತ್ತು, ನಾನು ಮಾಡಿದ್ದು ತಿರುಗಾಮುರುಗಾ. ಕಸ ಬಿದ್ದಲ್ಲಿ ಕಸಬರಿಗೆ ಹಾಕುವುದನ್ನು ಬಿಟ್ಟ ಮನೆಯವನು ನಾನು. ಇದ್ದಿಲು ಪುಡಿಯ ಮಾತು ತೆಗೆದಾಗ ಆಕೆ ಹಣೆ ಒತ್ತಿಕೊಂಡಳು. ಸಕ್ಕರೆ ಕಾಯಿಲೆಗೂ ವಸಡಿಗೂ ನಂಟಿದೆ ಎಂದು ರಕ್ತ ಪರೀಕ್ಷೆಗೂ ಬರೆದುಕೊಟ್ಟಳು. ಸಕ್ಕರೆ ಬಾಗಿಲವರೆಗೆ ಬಂದು ನಿಂತಿದೆ, ಒಳಗೆ ಕಾಲಿಟ್ಟಿಲ್ಲ ಎಂದು ಆಮೇಲೆ ತಿಳಿಯಿತು.

"ಕೀಳಬೇಕಾಗತೈತೇನ್ರಿ?" ಎಂದು ನನ್ನ ಹೆಂಡತಿ ಕೇಳಿದಳು. ನನಗೆ ಕೇಳುವ ಧೈರ್ಯವಿರಲಿಲ್ಲ.

"ಈಗ ಹೇಳಾಕ ಆಗೂದಿಲ್ರಿ ಅಕ್ಕಾರ. ಒಳಗಿಂದೆಲ್ಲಾ ಸ್ವಚ್ಛ ಮಾಡತೀನಿ. ಮೂರ ತಿಂಗಳ ಇವರು ನಾ ಹೇಳಿದಂಗ ಕೇಳಿದ್ರ ವಸಡು ಬಿಗೀಬಹುದು. ಇಲ್ಲಾಂದ್ರ ಕೀಳೂದಽ. ಅಲ್ಲೀತನಕಾ ಆ ಹಲ್ಲಿನ ಮ್ಯಾಲ ಒಂದ ಕಾಳ ಸೈತ ಇಡಬ್ಯಾಡ್ರಿ."

ಅಂದು ಮತ್ತು ಮುಂದಿನ ವಾರ, ಎರಡು ಸಲ ಸ್ವಚ್ಛ ಮಾಡಿದಳು. ಮಶೀನು ಗುಂಯ್ ಎನ್ನುವಾಗ ನಾನು ಕುರ್ಚಿಯ ಕೈ ಹಿಡಿದು ಮನೆದೇವರನ್ನೆಲ್ಲ ನೆನೆದೆ. ಆದರೆ ಮರಗಟ್ಟುವ ಸೂಜಿ ಕೊಟ್ಟಿದ್ದರಿಂದ ನೋವು ಅಷ್ಟೇನೂ ಆಗಲಿಲ್ಲ. ದೇವರುಗಳನ್ನು ಸುಮ್ಮನೆ ಕರೆದಂತಾಯಿತು.

ಎರಡನೆಯ ಸಲದ ಮರುದಿನ ಬೆಳಿಗ್ಗೆ ನೀರು ಮುಕ್ಕಳಿಸಿದರೆ ಜುಂ ಎಂದಿತು. ನಾಲಿಗೆ ಆಡಿಸಿದೆ. ಹಲ್ಲುಗಳ ನಡುವೆ ಸಂದಿ! ಮೊದಲು ಅಲ್ಲಿ ಗೋಡೆಯ ಹಾಗೆ ಗಟ್ಟಿಯಾಗಿತ್ತು, ಈಗ ಗಾಳಿ ಆಡುತ್ತಿದೆ. ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲವಾಗುತ್ತವೆ ಎಂದು. ಇದ್ದ ಹಲ್ಲನ್ನೂ ಹಾಳು ಮಾಡಿದಳಲ್ಲ ಈ ಹುಡುಗಿ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಚಹಾ ಕೂಡ ಕುಡಿಯದೆ, ಅಂಗಡಿ ತೆರೆಯದೆ, ಗಾಡಿ ಹತ್ತಿ ಗಜೇಂದ್ರಗಡಕ್ಕೆ ಹೋದೆ. ದಾರಿಯಲ್ಲಿ ಬೈಗಳನ್ನೆಲ್ಲ ಒಂದೊಂದಾಗಿ ಜೋಡಿಸಿಕೊಂಡೆ.

ಆಕೆ ಆಗತಾನೇ ಬಾಗಿಲು ತೆರೆಯುತ್ತಿದ್ದಳು. ನಾನು ಜೋಡಿಸಿಕೊಂಡದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಕೈಗೆ ಕನ್ನಡಿ ಕೊಟ್ಟು, "ಆ ಸಂದಿ ನಾ ಮಾಡಿದ್ದಲ್ರಿ ಅಣ್ಣಾರ. ಅಲ್ಲೆ ಕಲ್ಲ ಕುಂತಿತ್ತು. ಕಲ್ಲ ತಗದೇನಿ, ಜಾಗ ಕಾಣಾಕತ್ತೈತಿ," ಎಂದಳು. "ನಮ್ಮಪ್ಪನೂ ಒಕ್ಕಲಗನಽ ರಿ. ಎರಿಹೊಲದಾಗಿನ ಕರಕಿ ಅಗದ ತಗದಾಗ ಮಣ್ಣ ಸಡಲ ಕಾಣತೈತೋ ಇಲ್ಲೋ? ಹಂಗಂತ ಕರಕಿ ಬಿಡತಾರೇನ್ರಿ? ನಾಕ ದಿನ ತಡೀರಿ, ವಸಡು ಕುಂದ್ರತೈತಿ."

ಕರಿಕೆ ಹುಲ್ಲಿನ ಪಾಡು ನನಗೂ ಗೊತ್ತು. ನಮ್ಮ ಕಡೆಯ ಕರಿಮಣ್ಣಿನಲ್ಲಿ ಕರಿಕೆ ಬೇರಿಳಿಸಿದರೆ ಆಳೆತ್ತರ ಅಗೆಯಬೇಕು, ಅಗೆದ ಹೊಲ ನೋಡಲು ಹಾಳುಬಿದ್ದಂತೆಯೇ ಕಾಣುತ್ತದೆ. ಬಂದವರು ಬಂದಿದ್ದೀರಿ, ತಿಕ್ಕುವುದನ್ನಾದರೂ ಕಲಿತು ಹೋಗಿ ಎಂದು ಆಕೆ ಒಂದು ಮೆತ್ತನೆಯ ಬ್ರಶ್ ಕೊಟ್ಟಳು. "ತಿಕ್ಕಿ ತೋರಸ್ರಿ," ಎಂದಳು. ನಾನು ಶುರು ಮಾಡಿದೆ.

"ಅಣ್ಣಾರ, ಅಣ್ಣಾರ! ಅದು ಹಂಡೆ ಅಲ್ರಿ!"

ಬ್ರಶ್ಶನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಹಲ್ಲೂ ವಸಡೂ ಕೂಡುವ ಜಾಗದಲ್ಲಿ ಸಣ್ಣಸಣ್ಣದಾಗಿ ಆಡಿಸಬೇಕಂತೆ. ಜೋರು ಬೇಡ, ಹೊತ್ತು ಬೇಕು. ಹೊರಗೆ, ಒಳಗೆ, ಹಿಂದಿನ ಹಲ್ಲಿನ ಹಿಂದೆಯೂ. ಸಂದಿಗಳಿಗೆ ಬೇರೆಯೇ ಒಂದು ಪುಟ್ಟ ಬ್ರಶ್, ಬಾಟಲಿ ತೊಳೆಯುವ ಬ್ರಶ್ಶಿನ ಮೊಮ್ಮಗನಂಥದು. ಬೆಳಿಗ್ಗೆ ಒಮ್ಮೆ, ಮಲಗುವ ಮೊದಲು ಒಮ್ಮೆ. ಮೊದಲ ಕೆಲವು ದಿನ ರಕ್ತ ಬಂದರೂ ಹೆದರಿ ಬಿಡಬಾರದು. ಐವತ್ತೆರಡನೆಯ ವಯಸ್ಸಿನಲ್ಲಿ ಹಲ್ಲು ತಿಕ್ಕುವುದನ್ನು ಕಲಿತೆ ಎಂದು ಹೇಳಿಕೊಳ್ಳಲು ನನಗೀಗ ಸಂಕೋಚವಿಲ್ಲ. ಅಂದು ಮಾತ್ರ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಿಟಕಿಯತ್ತ ಎರಡು ಸಲ ತಿರುಗಿದೆ.

ಆದರೆ ಮೂರು ತಿಂಗಳು ಕಾಳು ಕಡಿಯದೆ ವ್ಯಾಪಾರ ಹೇಗೆ? ಮಶೀನಿನ ಮೇಲಿನ ಕಪ್ಪು ತೆಗೆದು ಒರೆಸಿ ಮುಂದಿಟ್ಟೆ. ರೈತರು ಅದನ್ನು ನೋಡಿ, "ಮಶೀನ ಇರಲಿ ಸಾವ್ಕಾರ್ರ, ನೀವ ನೋಡ್ರಿ," ಎನ್ನುತ್ತಿದ್ದರು. ಆಗ ಹೆಂಡತಿ ನೆನಪಾದಳು. ಮನೆ ಅಂಗಡಿಯ ಹಿಂದೆಯೇ ಇದೆ. ಜಕ್ಕಲಿಯಲ್ಲಿ ಜೋಳವನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಇಳಿಸುವ ಮೊದಲು ಕಡಿದು ನೋಡುತ್ತಿದ್ದವರು ಹೆಣ್ಣುಮಕ್ಕಳೇ. ಒಂದು ಹಿಡಿ ಕಾಳು ಮುಷ್ಟಿಯಲ್ಲಿ ಹಿಡಿದು, ಏನೋ ಮರೆತವನಂತೆ ಹಿಂದಿನ ಬಾಗಿಲಿನಿಂದ ಒಳಗೆ ಹೋಗುವೆ. ಅವಳು ರೊಟ್ಟಿ ಬಡಿಯುತ್ತಲೇ ಬಾಯಿ ತೆರೆಯುವಳು, ನಾನು ಒಂದು ಕಾಳು ಹಾಕುವೆ.

"ಒಣಗ್ಯಾವ. ಆದ್ರ ಹ್ವಾದ ವರ್ಷದ ಕಾಳ ಕೂಡಿಸ್ಯಾನ ನೋಡ್ರಿ ಅಂವ."

ನಾನು ಹೊರಗೆ ಬಂದು, "ಒಣಗ್ಯಾವ, ಆದ್ರ ಹಳೇ ಕಾಳ ಕೂಡೇತಲ್ಲೋ," ಎಂದು ಗಂಭೀರವಾಗಿ ಹೇಳುವೆ. ರೈತ ಬೆಚ್ಚಿಬೀಳುವ. ಖರೆ ಹೇಳಬೇಕೆಂದರೆ ಅವಳ ಹಲ್ಲು ನನ್ನದಕ್ಕಿಂತ ಚುರುಕು. ಹಳೆಯದು ಹೊಸದು ನನಗೆ ಕಣ್ಣಿಗೆ ತಿಳಿಯುತ್ತಿತ್ತು, ಹಲ್ಲಿಗೆ ಎಂದೂ ತಿಳಿದಿರಲಿಲ್ಲ. ಮೂವತ್ತು ವರ್ಷ ಅಂಗಡಿಯಲ್ಲಿ ಕೂರಬೇಕಾದವಳನ್ನು ಒಲೆಯ ಮುಂದೆ ಕೂರಿಸಿದ್ದೆ ಎಂದು ಆಗ ಅನಿಸಿತು. ಈಗ ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಅವಳೇ ಕೂರುತ್ತಾಳೆ, ವ್ಯಾಪಾರ ಸುಧಾರಿಸಿದೆ.

ಪೇಟೆಯಲ್ಲಿ ಮಾತ್ರ ಬೇರೆಯೇ ಸುದ್ದಿ ಹಬ್ಬಿತ್ತು. ಪಕ್ಕದ ಅಂಗಡಿಯವನು ಒಂದು ದಿನ ನನ್ನನ್ನು ಬದಿಗೆ ಕರೆದು, ಬಹಳ ಕಾಳಜಿಯಿಂದ ಕೇಳಿದ: "ಘಳಿಗಿಗೊಮ್ಮೆ ಒಳಗ ಹೊಕ್ಕೀರಲ್ರಿ, ಸಕ್ಕರಿ ಭಾಳ ಆಗೇತೇನು?" ತಂಬಾಕಿನ ಮದ್ದು ಹೇಳಿದವನು ಇವನೇ. ಇನ್ನೊಂದು ಮದ್ದು ಹೇಳುವ ಮೊದಲೇ ಓಡಿಬಂದೆ.

ದಿನವೂ ಬೆಳಿಗ್ಗೆ ಬಚ್ಚಲ ಮುಂದೆ ನಾನು ಬ್ರಶ್ ಹಿಡಿದರೆ ಹೆಂಡತಿ ಗಡಿಯಾರ ನೋಡುತ್ತ ನಿಲ್ಲುವಳು. "ಇನ್ನ ಒಂದ ಮಿನಿಟ ಐತ್ರಿ," ಎನ್ನುವಳು. ಹತ್ತು ದಿನ ರಕ್ತ ಬಂತು. ಹನ್ನೊಂದನೆಯ ದಿನ ಉಗುಳಿದರೆ ಬಿಳಿ. ನಾನು ಬಚ್ಚಲಿನಿಂದ ಕೂಗಿದ ಕೂಗಿಗೆ ಅವಳು ಹಾವು ಬಂತೆಂದು ಕೋಲು ಹಿಡಿದು ಓಡಿಬಂದಳು. ತೋರಿಸಿದೆ. ಇಬ್ಬರೂ ನಿಂತು ಬಿಳಿ ಉಗುಳನ್ನು ನೋಡಿ ಹಿಗ್ಗಿದೆವು. ಆ ಕಡೆ ಮುಖ ಮಾಡಿ ಮಾತಾಡಿ ಎಂದು ಅವಳು ಅನ್ನುವುದೂ ಯಾವಾಗಲೋ ನಿಂತಿತ್ತು.

ಮೂರು ತಿಂಗಳು ತುಂಬಿದ ದಿನ ಮತ್ತೆ ಅದೇ ಕುರ್ಚಿ. ಡಾಕ್ಟರು ಮತ್ತೆ ಕಡ್ಡಿಯಿಂದ ಅಳೆದು ಅಂಕಿ ಹೇಳತೊಡಗಿದಳು. ಈ ಸಲ ಅಂಕಿಗಳು ಸಣ್ಣವಾಗಿದ್ದವು. ಆ ಹಲ್ಲಿಗೆ ಬಂದು ಎರಡು ಬದಿಯಿಂದ ಅಲುಗಾಡಿಸಿ ನೋಡಿದಳು.

"ಉಳೀತ್ರಿ ಅಣ್ಣಾರ. ಹ್ವಾದ ಎಲವು ತಿರಗಿ ಬರೂದಿಲ್ಲ, ಇದ್ದದ್ದನ್ನ ಕಾಯಕೋಬೇಕು. ಹಿಂಗಽ ತಿಕ್ರಿ, ನಾಕ ತಿಂಗಳಿಗೊಮ್ಮೆ ಬಂದು ತೋರಸ್ರಿ. ದಿನಾ ನೂರ ಕಾಳ ಕಡದ್ರ ನಾ ಜವಾಬ್ದಾರಿ ಅಲ್ಲ. ಮಶೀನ ಉಪಯೋಗಸ್ರಿ. ಅಪರೂಪಕ್ಕ ಒಂದ ಕಡದ್ರೂ ಬಾಯಿ ಮುಕ್ಕಳಸ್ರಿ."

ಕಣ್ಣಲ್ಲಿ ನೀರು ಬಂತು. ದೀಪದ ಬೆಳಕು ಕಣ್ಣಿಗೆ ಕುಕ್ಕುತ್ತಿದೆ ಎಂದೆ. ದೀಪ ಆಗಲೇ ಆರಿಸಿದ್ದೇನೆ ಎಂದಳು.

ಹಲ್ಲು ಉಳಿಯಿತು, ಕಾಕಾ ಬರಲಿಲ್ಲ. ಫೋನು ಮಾಡಿದರೆ ಮನೆಯವರು ಎತ್ತಿ, ಹೊಲಕ್ಕೆ ಹೋಗಿದ್ದಾರೆ ಎನ್ನುತ್ತಿದ್ದರು. ಹಲ್ಲು ಗಟ್ಟಿಯಾಗಿದೆ ಎಂದು ಹೇಳಿ ಎಂದರೆ, ಹೇಳುತ್ತೇವೆ ಎನ್ನುತ್ತಿದ್ದರು. ಮಂದಿಯ ಮುಂದೆ ನಾನಾಡಿದ ಮಾತು ಅವರಿಗೆ ಎಷ್ಟು ನಾಟಿತ್ತೋ ಎಂದು ಮಳೆಗಾಲವೆಲ್ಲ ಕೊರಗಿದೆ.

ಹೆಸರಿನ ಸುಗ್ಗಿ ಶುರುವಾದ ಒಂದು ಮಧ್ಯಾಹ್ನ ಕಾಕಾ ಬಂದರು. ಟ್ರ್ಯಾಕ್ಟರಿಲ್ಲ, ಚೀಲವಿಲ್ಲ, ಬಸ್ಸಿನಿಂದಿಳಿದು ನಡೆದೇ ಬಂದಿದ್ದರು. ಟವೆಲಿನ ಎರಡು ತುದಿಯಲ್ಲಿ ಎರಡು ಗಂಟು. ನಮಸ್ಕಾರಕ್ಕೆ ತಲೆಯಾಡಿಸಿ, ಒಂದು ಗಂಟು ಬಿಚ್ಚಿ ಹೆಸರು ಕಾಳನ್ನು ನನ್ನ ಅಂಗೈಗೆ ಹಾಕಿದರು.

"ಅದಽ ಹಲ್ಲಿಂದ ಕಡಿ."

ಕಡಿದೆ. ಕಟ್ ಎಂದಿತು. "ಚಲೋ ಒಣಗ್ಯಾವ್ರಿ ಕಾಕಾ."

ಎರಡನೆಯ ಗಂಟು ಬಿಚ್ಚಿದರು. ಇಟ್ಟು ಒತ್ತಿದೆ. ಹಲ್ಲು ತಗ್ಗಲಿಲ್ಲ, ಕಾಳು ತಗ್ಗಿತು. ಆರೇಳು ತಿಂಗಳ ಹಿಂದೆ ಹೇಳಿದ ಮಾತನ್ನೇ ಅದೇ ಮನುಷ್ಯನಿಗೆ ಮತ್ತೆ ಹೇಳಬೇಕು. ಒಣಗಿದೆ ಎಂದುಬಿಟ್ಟರೆ ಕಾಕಾ ನಗುತ್ತಾರೆ, ಚಹಾ ಕುಡಿಯುತ್ತಾರೆ, ಮಾಲು ತರುತ್ತಾರೆ. ನಾಲಿಗೆ ತುದಿಗೆ ಅದೇ ಬಂತು. ಆದರೆ ಹಲ್ಲು ಬೇರೆ ಹೇಳುತ್ತಿತ್ತು.

"ಇವು ಹಸಿ ಅದಾವ್ರಿ. ಎರಡ ಬಿಸಲ ಬೇಕು."

ಕಾಕಾ ಎರಡೂ ಗಂಟುಗಳನ್ನು ಮತ್ತೆ ಕಟ್ಟಿದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ನನ್ನ ಹೆಂಡತಿ ತಕ್ಕಡಿಯ ಮೇಲಿನ ಕೈ ತೆಗೆಯಲಿಲ್ಲ.

"ಎರಡಲ್ಲ, ಮೂರ ಬಿಸಲ ಬೇಕು," ಎಂದರು ಕಾಕಾ. "ಮೊನ್ನಿ ಮಳ್ಯಾಗ ಸಿಕ್ಕದ್ದು. ಬೇಕಂತಽ ತಂದೇನಿ."

ನಾನು ಚಹಾ ಹೇಳಲು ಎದ್ದೆ. ಕಾಕಾ ಕೈ ಹಿಡಿದು ಕೂರಿಸಿದರು. ಸುತ್ತ ನೋಡಿ, ದನಿ ತಗ್ಗಿಸಿದರು. "ತಮ್ಮಾ, ಅವತ್ತ ನಿನ್ನ ಹಲ್ಲ ಅಳ್ಳಾಡತೈತಿ ಅಂತ ನನಗ ಹ್ಯಾಂಗ ಗೊತ್ತಾತು ಅಂತ ನೀ ಕೇಳಲೇ ಇಲ್ಲಲ್ಲ."

ಹೆಬ್ಬೆರಳಿನಿಂದ ತಮ್ಮ ಕೆಳತುಟಿ ಎಳೆದು ತೋರಿಸಿದರು. ವಸಡು ಕೆಂಪಗೆ ಬಾತು, ಹಲ್ಲಿನ ಬುಡ ಬಿಟ್ಟು ಕೆಳಗಿಳಿದಿತ್ತು. ನನ್ನದಕ್ಕಿಂತ ಎಷ್ಟೋ ಕೆಟ್ಟಿತ್ತು.

"ನಾ ಕಡ್ಲಿ ಕಡದು ಎರಡ ವರ್ಷ ಆತು. ರೊಟ್ಟಿ ಸಾರಿನಾಗ ನೆನಸಿ ತಿಂತೇನಿ. ಕೀಳಸಾಕ ಮನಸಿಲ್ಲ, ತೋರಸಾಕ ಅಂಜಿಕಿ. ನಿಂದು ಗಟ್ಟಿ ಆಗೇತಿ ಅಂತ ಫೋನಿನಾಗ ಹೇಳತಿದ್ದಿ, ನನಗ ನಂಬಿಕಿ ಬರಲಿಲ್ಲ. ಖರೇನಽ ನೋಡಬೇಕಿತ್ತು." ತುಟಿ ಬಿಟ್ಟು ಟವೆಲು ಬಾಯಿಗೆ ಹಿಡಿದುಕೊಂಡರು. "ಆ ಡಾಕ್ಟರ್ ನಂದೂ ಉಳಸತಾಳೇನೋ?"

ನನಗೆ ಒಂದು ಕ್ಷಣ ಸಿಟ್ಟು ಉಕ್ಕಿತು. ಇಡೀ ಪೇಟೆಯ ಮುಂದೆ ನನ್ನ ಬಾಯಿ ತೆರೆಸಿದ ಮನುಷ್ಯ, ತಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದರಲ್ಲ! ಮರುಕ್ಷಣ ಅವರ ಮುಖ ನೋಡಿದೆ. ಹಲ್ಲಿನ ಕುರ್ಚಿಯ ಹೆಸರಿಗೇ ಹೆದರಿ ಎರಡು ವರ್ಷ ನೆನೆಸಿದ ರೊಟ್ಟಿ ತಿಂದ ಮುಖ ಅದು. ಅಂಥ ಹೆದರಿಕೆ ನನಗೂ ಗೊತ್ತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಎಲ್ಲಾ ಉಳೀತಾವ ಅಂತ ಹೇಳಾಕ ಬರಾಂಗಿಲ್ರಿ ಕಾಕಾ. ಉಳಿಯೂವಷ್ಟ ಉಳಸತಾಳ. ಏಳ್ರಿ, ಗಾಡಿ ಹತ್ರಿ," ಎಂದೆ. ಹೆಂಡತಿ ಆಗಲೇ ಗಾಡಿಯ ಕೀಲಿಯನ್ನು ತಕ್ಕಡಿಯ ಪಕ್ಕದಿಂದ ತೆಗೆದು ನನ್ನ ಕೈಗಿಟ್ಟಿದ್ದಳು.

ಊರು ದಾಟಿದೆವು. ಬೈಕಿನ ಹಿಂದಿನ ಸೀಟಿನಿಂದ ಕಾಕಾ ಮಗುವಿನ ದನಿಯಲ್ಲಿ ಕೇಳಿದರು: "ತಮ್ಮಾ, ಭಾಳ ನೋವ ಆಗತೈತೇನ?"

"ಭಾಳ ಆಗತೈತ್ರಿ ಕಾಕಾ," ಎಂದೆ. "ಜೀವಾನಽ ಹ್ವಾದಂಗ ಆಗತೈತಿ."

ಅವರ ಎರಡೂ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದವು. ದವಾಖಾನೆಯ ಮೆಟ್ಟಿಲು ಬರುವವರೆಗೂ ನಾನು ಆ ಸುಳ್ಳನ್ನು ಹಿಂದೆ ತೆಗೆದುಕೊಳ್ಳಲಿಲ್ಲ.